ಡಾಕ್ಟರ್ ಶ್ತೇವಿಯ ಬಿಸಿ ತಗಡು

ಚಳಿಗಾಲದಲ್ಲಿ ಹುಟ್ಟಿದ ಗಂಡು ಮಗುವಿಗೆ ನಮ್ಮ ಕಡೆ ಶ್ತೇವಿ ಎಂದು ಹೆಸರಿಡುತ್ತಾರೆ. ಚಳಿಯವನು ಎಂದರ್ಥ. ಈ ಚಳಿಯವನು ಬೆಳೆದು, ಓದಿ, ಜರ್ಮನಿಗೆ ಹೋಗಿ, ಬಿಸಿಯ ವಿಷಯದಲ್ಲಿ ಡಾಕ್ಟರ್ ಪದವಿ ತಂದ. ಮೈಗೆ ಬಿಸಿ ಹೇಗೆ ಗೊತ್ತಾಗುತ್ತದೆ, ತಂಪು ಹೇಗೆ ಗೊತ್ತಾಗುತ್ತದೆ, ಮುಟ್ಟಿದರೆ ಮುಟ್ಟಿದ್ದು ಹೇಗೆ ತಿಳಿಯುತ್ತದೆ, ಇದು ಅವನ ಶಾಸ್ತ್ರ. ಅವನು ಊರಿಗೆ ಮರಳಿದ ದಿನ ಕುರಿ ಕಡಿದು, ಮೊಸರಿನ ಸಾರಿನಲ್ಲಿ ಬೇಯಿಸಿ, ಅನ್ನದ ಗುಡ್ಡೆಯ ಮೇಲೆ ಸುರಿದು ಊರಿಗೆಲ್ಲ ಉಣಬಡಿಸಿದರು. ಕುಲದ ಹಿರಿಯ ಧೈಫುಲ್ಲಾ ತುತ್ತು ಕಟ್ಟುತ್ತಾ ಕೇಳಿಯೇ ಬಿಟ್ಟ.

“ಬಿಸಿ ಅಂದ್ರೆ ಬಿಸಿ ಅಂತ ಗೊತ್ತು ಮಾಡ್ಕೊಳ್ಳೋಕೆ ಜರ್ಮನಿಗೆ ಹೋಗ್ಬೇಕಾಯ್ತೇನೋ ಮಗನೇ? ನನ್ನ ಮೇಕೆಗೆ ಹುಟ್ಟಿದ ದಿನವೇ ಗೊತ್ತಿತ್ತಲ್ಲೋ!”

“ಮೇಕೆಗೆ ಬಿಸಿ ಗೊತ್ತಾಗುತ್ತೆ ದೊಡ್ಡಪ್ಪ. ಹೇಗೆ ಗೊತ್ತಾಯ್ತು ಅನ್ನೋದು ಮಾತ್ರ ಮೇಕೆಗೆ ಗೊತ್ತಿಲ್ಲ.”

“ಅದಕ್ಕೇ ಅದು ಸುಖವಾಗಿದೆ ನೋಡು.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಶ್ತೇವಿಯ ಅಪ್ಪ ಫ್ರೇಹ್. ಈ ಫ್ರೇಹ್ ವಿಷಯ ಈಗಲೇ ಹೇಳಿಬಿಡುತ್ತೇನೆ. ಕರಕ್ ಪಟ್ಟಣದಿಂದ ಹೆದ್ದಾರಿಯವರೆಗೆ ಅವನಷ್ಟು ಬುರುಡೆ ಬಿಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಿಜಾಜ್ ರೈಲನ್ನು ಒಂದೇ ಒಂದು ಕುರಿಯಿಂದ ನಿಲ್ಲಿಸಿದ್ದೆ ಎನ್ನುತ್ತಿದ್ದ. ತೋಳಕ್ಕೆ ಸಲಾಂ ಹೇಳಿದೆ, ಅದು ತಿರುಗಿ ಸಲಾಂ ಹೇಳಿತು ಎನ್ನುತ್ತಿದ್ದ. ಜನ ಅವನ ಕಾಫಿ ಕುಡಿಯಲು ಬರುತ್ತಿದ್ದರು, ಬುರುಡೆ ಕೇಳುತ್ತಿದ್ದರು, ಹೊಟ್ಟೆ ತುಂಬ ನಗುತ್ತಿದ್ದರು. ಆದರೆ ಕುಲದ ಪಂಚಾಯಿತಿಯಲ್ಲಿ ಅವನು ಬಾಯಿ ತೆರೆದರೆ, “ಸುಮ್ನಿರು ಅಬು ಶ್ತೇವಿ, ಇದು ಗಂಭೀರ ವಿಷಯ” ಎಂದು, ಶ್ತೇವಿಯ ಅಪ್ಪ ಎಂಬ ಮರ್ಯಾದೆಯ ಹೆಸರಲ್ಲೇ ಕರೆದು, ಕೂರಿಸುತ್ತಿದ್ದರು. ಅರವತ್ತು ದಾಟಿದರೂ ಆ ಮನುಷ್ಯನ ಸಾಕ್ಷಿಯನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಅವನೂ ನಗುತ್ತಿದ್ದ, ಆದರೆ ಒಳಗೆ ಆ ಮುಳ್ಳು ಚುಚ್ಚುತ್ತಲೇ ಇತ್ತು.

ಶ್ತೇವಿಗೆ ಊರ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು, ಒಂದು ಕೋಣೆ ಸಿಕ್ಕಿತು, ಲೋರಿಸ್ ಸಿಕ್ಕಳು. ಲೋರಿಸ್ ಕರಕ್ ಪಟ್ಟಣದ ಕ್ರೈಸ್ತರ ಮನೆಯ ಹೆಣ್ಣು. ಪ್ರಯೋಗಾಲಯದ ಸಹಾಯಕಿ. ಕೈ ಚುರುಕು, ನಾಲಿಗೆ ಕತ್ತರಿ. ಕೋಣೆಯ ನಡುವೆ ಒಂದು ಯಂತ್ರ. ಅದರಲ್ಲಿ ಅಂಗೈಯಷ್ಟು ಅಗಲದ ತಗಡು. ತಗಡಿನ ಮೇಲೆ ಕೈಯಿಟ್ಟು ಕೂತವನಿಗೆ ಬಿಸಿ ಮೆಲ್ಲಗೆ ಏರುತ್ತಾ ಹೋಗುತ್ತದೆ. ಇನ್ನು ತಡೆಯಲಾಗದು ಅನ್ನಿಸಿದ ಕೂಡಲೇ ಇನ್ನೊಂದು ಕೈಯಲ್ಲಿರುವ ಬಟನ್ ಒತ್ತಬೇಕು. ಅಷ್ಟೇ. ಮಗುವಿಗೂ ತಿಳಿಯುವ ಕೆಲಸ.

ಊರಿನ ಗಂಡಸರು ಸಾಲಾಗಿ ಬಂದರು. ತಲೆವಸ್ತ್ರ ಸರಿಮಾಡಿಕೊಂಡು, ದೇವರ ಹೆಸರು ಹೇಳಿ ಕೈಯಿಟ್ಟರು. ಬಿಸಿ ಏರಿತು. ಹಣೆಯಲ್ಲಿ ಬೆವರು ಮೂಡಿತು, ಮೀಸೆ ನಡುಗಿತು, ಕಣ್ಣಲ್ಲಿ ನೀರಾಡಿತು. ಒಬ್ಬನಾದರೂ ಬಟನ್ ಒತ್ತಲಿಲ್ಲ. ಯಂತ್ರವೇ ಕೊನೆಗೆ ಸೋತು ತಾನಾಗಿ ಆರಿಕೊಳ್ಳುತ್ತಿತ್ತು.

ಯಂತ್ರ ಕೆಟ್ಟಿದೆಯೆಂದು ಶ್ತೇವಿ ರಾಜಧಾನಿ ಅಮ್ಮಾನ್‌ನಿಂದ ಇಂಜಿನಿಯರನ್ನು ಕರೆಸಿದ. ಅವನು ತಗಡಿನ ಮೇಲೆ ಬೆರಳಿಟ್ಟು, ಕೋಣೆ ಬಿರಿಯುವಂತೆ ಕಿರುಚಿ, ಯಂತ್ರ ಸರಿಯಾಗಿದೆ ಎಂದು ಹೇಳಿ, ಬೆರಳು ಬಾಯಿಗಿಟ್ಟುಕೊಂಡು ಹೊರಟುಹೋದ.

ಗುಟ್ಟು ಒಡೆದವಳು ಲೋರಿಸ್. ಧೈಫುಲ್ಲಾ ಕೈ ಝಾಡಿಸಿಕೊಳ್ಳುತ್ತಾ ಏಳುವಾಗ ಅವಳು ದಾರಿಗೆ ಅಡ್ಡ ನಿಂತಳು.

“ಅಜ್ಜಾ, ಸುಡ್ತಾ ಇತ್ತೋ ಇಲ್ವೋ?”

“ಇಲ್ಲಮ್ಮ. ತಣ್ಣೀರು, ತಣ್ಣೀರು.”

“ಕಣ್ಣಲ್ಲಿ ನೀರು ಯಾಕೆ ಬಂತು ಮತ್ತೆ?”

“ಧೂಳು.”

“ಕಿಟಕಿನೇ ಇಲ್ಲವಲ್ಲ ಅಜ್ಜಾ ಈ ಕೋಣೆಗೆ!”

ಧೈಫುಲ್ಲಾನಿಗೆ ಸಿಟ್ಟು ನೆತ್ತಿಗೇರಿತು. “ಸುಳ್ಳನ ಕೈ ಸುಡುತ್ತೆ. ನನ್ನ ಕೈ ಯಾಕೆ ಸುಡಬೇಕು? ನಾನೇನು ಕದ್ದಿದ್ದೀನಿ? ಯಾರೋ ನನ್ನ ಮೇಲೆ ದೂರು ಕೊಟ್ಟಿರ್ಬೇಕು, ಯಾರು ಅಂತ ಹೇಳು ಮೊದಲು!”

ಶ್ತೇವಿ ಹಣೆ ಚಚ್ಚಿಕೊಂಡ. ತನ್ನ ಜನರೊಳಗೇ ಹುಟ್ಟಿ ಬೆಳೆದವನಿಗೆ ಇದು ಹೊಳೆಯಲಿಲ್ಲವಲ್ಲ! ಹಿಂದೆ ನಮ್ಮಲ್ಲಿ ಇಬ್ಬರ ಜಗಳ ಸಾಕ್ಷಿಯಿಲ್ಲದೆ ನಿಂತುಹೋದರೆ, ಕಾಫಿಬೀಜ ಹುರಿಯುವ ಸೌಟನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆಪಾದಿತನ ನಾಲಿಗೆಗೆ ಮುಟ್ಟಿಸುತ್ತಿದ್ದರು. ಸುಟ್ಟರೆ ಸುಳ್ಳ, ಸುಡದಿದ್ದರೆ ಸಾಚಾ. ಸರ್ಕಾರ ಇದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಸೌಟು ಹೋಯಿತು, ನಂಬಿಕೆ ಎಲ್ಲಿಗೆ ಹೋಗುತ್ತದೆ? ಬಟನ್ ಒತ್ತುವುದೆಂದರೆ ತಾನೇ ಕಳ್ಳನೆಂದು ಒಪ್ಪಿಕೊಂಡ ಹಾಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲು ನಮ್ಮವರೇನು ದಡ್ಡರೇ?

ಶ್ತೇವಿ ಬಾಗಿಲಿಗೆ ದೊಡ್ಡ ಅಕ್ಷರದ ಫಲಕ ಹಾಕಿಸಿದ: ಇಲ್ಲಿ ಸತ್ಯ-ಸುಳ್ಳಿನ ಪರೀಕ್ಷೆ ನಡೆಯುವುದಿಲ್ಲ. ಜನ ಅದನ್ನು ಓದಿ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು. ಸರ್ಕಾರದ ಕಣ್ಣಿಗೆ ಮಣ್ಣೆರಚಲು ಹುಡುಗ ಜಾಣತನ ಮಾಡಿದ್ದಾನೆ, ಭೇಷ್! ಮರುವಾರದಿಂದ ವ್ಯಾಜ್ಯಗಳೇ ಬರತೊಡಗಿದವು. ಮೇಕೆ ಕದ್ದವನನ್ನು ಎಳೆದು ತಂದರು. ಮದುವೆಯ ಮಾತು ಮುರಿದವನನ್ನು ತಂದರು. ಒಬ್ಬ ತನ್ನ ಮೂವರು ಅಳಿಯಂದಿರನ್ನೂ ಒಂದೇ ಪಿಕಪ್ ಗಾಡಿಯಲ್ಲಿ ತುಂಬಿಕೊಂಡು ಬಂದು, “ಸುಮ್ನೆ ಒಂದ್ಸಲ ನೋಡ್ಬಿಡು ಡಾಕ್ಟ್ರೇ, ಯಾವುದಕ್ಕೂ ಇರ್ಲಿ” ಎಂದ.

“ಇದು ವಿಜ್ಞಾನ ಕಣ್ರಪ್ಪಾ!” ಎಂದು ಶ್ತೇವಿ ಕೂಗಿಕೊಳ್ಳುತ್ತಿದ್ದ. “ಚರ್ಮದಲ್ಲಿ ಸಣ್ಣ ಸಣ್ಣ ಬಾಗಿಲು ಇವೆ. ಬಿಸಿ ತಾಗಿದ್ರೆ ಆ ಬಾಗಿಲು ತೆಗೆಯುತ್ತೆ, ಸುದ್ದಿ ತಲೆಗೆ ಹೋಗುತ್ತೆ. ಸತ್ಯವಂತನಿಗೂ ತೆಗೆಯುತ್ತೆ, ಕಳ್ಳನಿಗೂ ತೆಗೆಯುತ್ತೆ!”

“ಅದೇ ನಾವೂ ಹೇಳ್ತಿರೋದು,” ಎನ್ನುತ್ತಿದ್ದರು ಅವರು. “ಕಳ್ಳನಿಗೆ ಸ್ವಲ್ಪ ಜಾಸ್ತಿ ತೆಗೆಯುತ್ತೆ.”

ಹೀಗಿರುವಾಗ ಒಂದು ದಿನ ಫ್ರೇಹ್‌ನೇ ಬಂದ. ಜೊತೆಗೆ ಅವನ ದಾಯಾದಿ ಮಿತ್ಗಾಲ್, ಹಿಂದೆ ಅರ್ಧ ಊರು. ಇಬ್ಬರ ಜಗಳ ಮಳೆನೀರು ನಿಲ್ಲುವ ಒಂದು ಹಳೆಯ ಬಾವಿಯದು. ನಮ್ಮಜ್ಜ ತೋಡಿಸಿದ್ದು ಎಂದು ಇವನು, ನಮ್ಮಜ್ಜ ಎಂದು ಅವನು. ಶ್ತೇವಿ ಆ ಹೊತ್ತಿಗೆ ಪಾಠ ಮಾಡಲು ಹೋಗಿದ್ದ. ಲೋರಿಸ್ ಬೇಡವೆಂದರೂ ಕೇಳದೆ ಮಿತ್ಗಾಲ್ ಕೈಯಿಟ್ಟ. ಹಲ್ಲು ಕಚ್ಚಿದ, ಕಾಲು ಕುಟ್ಟಿದ, ಕೊನೆಗೆ “ಅಯ್ಯಯ್ಯೋ” ಎಂದು ಕಿತ್ತುಕೊಂಡ. ಆಮೇಲೆ ಫ್ರೇಹ್ ಕೂತ. ಕೈಯಿಟ್ಟು ಮಳೆಯ ಮಾತೆತ್ತಿದ. ಮಳೆಯಿಂದ ಕುರಿಗೆ ಹೋದ, ಕುರಿಯಿಂದ ರೈಲಿಗೆ ಹೋದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಯಂತ್ರ ಆರಿಕೊಂಡಿತು. “ಶುರು ಮಾಡಮ್ಮ ಮತ್ತೆ,” ಎಂದ ಫ್ರೇಹ್, “ಯಾಕೆ ಇನ್ನೂ ಹಚ್ಚಿಲ್ಲ?”

ಶ್ತೇವಿ ಓಡಿ ಬರುವ ಹೊತ್ತಿಗೆ ಜನ ಅವನಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಅಲ್ಲಿದ್ದವರೆಲ್ಲ ಸುಟ್ಟುಕೊಂಡು ಸುಡಲಿಲ್ಲ ಎಂದವರು. ಅವರಿಗೆ ಗೊತ್ತಿತ್ತು, ನಿಜವಾಗಿ ಸುಡದಿರುವುದು ಎಂದರೇನೆಂದು. ಅಂಥದ್ದನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಬುರುಡೆ ಫ್ರೇಹ್ ಅರ್ಧ ಗಂಟೆಯಲ್ಲಿ ಜಿಲ್ಲೆಗೇ ಸತ್ಯವಂತನಾಗಿಬಿಟ್ಟ. ಹಿಜಾಜ್ ರೈಲನ್ನು ಕುರಿ ನಿಲ್ಲಿಸಿದ್ದೂ ನಿಜವೇ ಇರಬೇಕು ಎಂದು ಧೈಫುಲ್ಲಾ ಗಡ್ಡ ಸವರಿಕೊಂಡ.

ಶ್ತೇವಿ ಮಾತ್ರ ಅಪ್ಪನ ಬೂಟನ್ನೇ ನೋಡುತ್ತಿದ್ದ. ಅಪ್ಪನಿಗೆ ಸಕ್ಕರೆ ಕಾಯಿಲೆ ಹಳೆಯದು. ಕೈಗೇ ಬಿಸಿ ತಿಳಿಯದಷ್ಟು ನರ ಸತ್ತಿದ್ದರೆ ಕಾಲು ಅದಕ್ಕಿಂತ ಮೊದಲೇ ಸತ್ತಿರುತ್ತದೆ. ಇನ್ನೊಬ್ಬ ದೊಡ್ಡಪ್ಪ ಹಾಯೆಲ್ ಇದೇ ಕಾಯಿಲೆಯಲ್ಲಿ ಹೀಗೆಯೇ ತಿಳಿಯದೆ ಮೊಳೆ ತುಳಿದು, ಬೂಟಿನೊಳಗೆ ಮೊಳೆಯಿಟ್ಟುಕೊಂಡೇ ಮದುವೆಗಳಲ್ಲಿ ಕುಣಿದು, ಕಾಲು ಕಡಿಸಿಕೊಂಡು, ಮುಂದಿನ ಚಳಿಗಾಲ ಕಾಣಲಿಲ್ಲ. ಅಪ್ಪನ ಕಾಲು ಈಗಲೇ ನೋಡಬೇಕು, ಇಲ್ಲದಿದ್ದರೆ ಅಪ್ಪನೂ ಉಳಿಯುವುದಿಲ್ಲ.

“ಕಾಲು ತೋರಿಸಪ್ಪಾ,” ಎಂದ ಮನೆಗೆ ಬಂದವನೇ.

“ಯಾಕೋ? ಸತ್ಯವಂತನ ಕಾಲಿಗೆ ಮುತ್ತು ಕೊಡ್ತೀಯಾ?”

“ಅಪ್ಪಾ, ಇದು ಕಾಯಿಲೆ. ನಿನ್ನ ಕೈಗೆ ಬಿಸಿ ಗೊತ್ತಾಗ್ತಿಲ್ಲ.”

ಫ್ರೇಹ್‌ನ ಮುಖ ಸಣ್ಣಗಾಯಿತು. “ಜೀವಮಾನದಲ್ಲಿ ಒಂದ್ಸಲ ಜನ ನನ್ನ ಮಾತು ನಂಬಿದ್ರು ಕಣೋ. ಅದೂ ನಿನ್ನ ಹೊಟ್ಟೆಗೆ ಹಿಡಿಸ್ಲಿಲ್ವಾ?”

ಅಂದಿನಿಂದ ದಿನವೂ ಜನ ಬರುತ್ತಿದ್ದರು. ಗಡಿಜಗಳ, ಹೆಣ್ಣಿನ ವಿಷಯ, ಹಸುಗೂಸಿನ ಹೆಸರು, ಎಲ್ಲಕ್ಕೂ ಫ್ರೇಹ್‌ನ ಮಾತೇ ಕೊನೆ. ಊಟದಲ್ಲಿ ದೊಡ್ಡ ಅತಿಥಿಗೆ ಸಲ್ಲುವ ಕುರಿಯ ತಲೆ ಅವನ ಮುಂದೆಯೇ ಇಡುತ್ತಿದ್ದರು. ಅವನು ಬುರುಡೆ ಬಿಡುವುದನ್ನೂ ನಿಲ್ಲಿಸಿದ. ಗಂಭೀರವಾಗಿ ಕೆಮ್ಮಲು ಕಲಿತ.

ಅಮ್ಮ ಫಿದ್ದಾ ಅಡುಗೆಮನೆಯಲ್ಲಿ ಮಗನನ್ನು ಹಿಡಿದು ನಿಲ್ಲಿಸಿದಳು. “ಊರವರ ಕೈಯೆಲ್ಲ ಮುಟ್ಟಿ ನೋಡ್ತೀಯ, ನಿಮ್ಮಪ್ಪನ ಕಾಲು ನೋಡೋ ಯೋಗ್ಯತೆ ಇಲ್ವೇನೋ ನಿಂಗೆ? ಕಾಲುಚೀಲ ಬಿಚ್ಚೋದೇ ಇಲ್ಲ ಆ ಮನುಷ್ಯ. ನಮಾಜಿಗೆ ಕಾಲು ತೊಳೆಯೋ ಬದ್ಲು ಚೀಲದ ಮೇಲೇ ಒದ್ದೆ ಕೈ ಸವರ್ಕೊಳ್ತಾನೆ. ದೇವರು ಒಂದು ದಿನಕ್ಕೆ ಅಂತ ಕೊಟ್ಟ ರಿಯಾಯ್ತಿನ ಇವನು ಚಳಿಗಾಲ ಪೂರ್ತಿ ಎಳೆದಿದಾನೆ. ಮೊನ್ನೆ ಸೀಮೆಎಣ್ಣೆ ಒಲೆ ಹತ್ರ ಕೂತಿದ್ದಾಗ ಉಣ್ಣೆ ಸುಟ್ಟ ವಾಸನೆ ಬಂತು. ಏನ್ರೀ ಅಂದ್ರೆ ಪಕ್ಕದ ಮನೇದು ಅಂದ. ಪಕ್ಕದ ಮನೇಲಿ ಯಾರಿದಾರೆ? ಬೀಗ ಹಾಕಿದೆ!”

“ಬಾಗಿಲುಗಳೇ ಮುಚ್ಚಿಹೋಗಿವೆ ಅಮ್ಮ, ಚರ್ಮದ್ದು.”

“ಹಾಗಾದ್ರೆ ಒದ್ದು ತೆಗಿ! ಅದಕ್ಕೇ ತಾನೇ ಓದಿಸಿದ್ದು!”

ಮಧ್ಯಾಹ್ನ ಅಪ್ಪ ಮಲಗಿದ್ದಾಗ ಡಾಕ್ಟರ್ ಶ್ತೇವಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಕಾಲುಚೀಲದ ತುದಿ ಹಿಡಿದು ಎಳೆದ. ಫ್ರೇಹ್‌ಗೆ ಅದು ಗೊತ್ತಾಗಲಿಲ್ಲ. ಆದರೆ ಕಣ್ಣು ತೆರೆದು ನೋಡಿಬಿಟ್ಟ. “ಕಳ್ಳಾ!” ಎಂದು ಒದ್ದ ಏಟಿಗೆ ಜರ್ಮನಿಯ ಪದವೀಧರ ಗೋಡೆಗೆ ಹೋಗಿ ಬಿದ್ದ. ಕಾಲಿಗೆ ನೋವು ತಿಳಿಯದಿದ್ದರೂ ಒದೆಯುವ ಶಕ್ತಿಗೇನೂ ಕೊರತೆಯಿರಲಿಲ್ಲ.

ಕೊನೆಗೆ ಶ್ತೇವಿ ಒಂದು ಗುರುವಾರ ಬೆಳಿಗ್ಗೆ ಕುಲದ ಗಂಡಸರನ್ನೆಲ್ಲ ಪ್ರಯೋಗಾಲಯಕ್ಕೆ ಕರೆಸಿದ. ದೊಡ್ಡ ತೀರ್ಪಿರಬೇಕೆಂದು ಪಿಕಪ್‌ಗಳಲ್ಲಿ ಬಂದಿಳಿದರು. ಫ್ರೇಹ್‌ಗೆ ಒಳ್ಳೆಯ ಕುರ್ಚಿ ಬಿಟ್ಟುಕೊಟ್ಟರು. ಬಾವಿ ಕಳೆದುಕೊಂಡ ಮಿತ್ಗಾಲ್ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತ. ಶ್ತೇವಿ ಗಂಟಲು ಸರಿಮಾಡಿಕೊಂಡ.

“ನಮ್ಮಪ್ಪನ ಕೈ ಸುಡಲಿಲ್ಲ, ಯಾಕಂದ್ರೆ ಅದರಲ್ಲಿ ಜೀವ ಕಮ್ಮಿಯಾಗಿದೆ. ಕಾಲಲ್ಲಿ ಇನ್ನೂ ಕಮ್ಮಿ. ಇವತ್ತು ಆಸ್ಪತ್ರೆಗೆ ಹೋಗ್ಲಿಲ್ಲ ಅಂದ್ರೆ ಕಾಲು ಹೋಗುತ್ತೆ, ಹಾಯೆಲ್ ದೊಡ್ಡಪ್ಪನದು ಹೋದ ಹಾಗೆ. ಇದರಲ್ಲಿ ಸತ್ಯವೂ ಇಲ್ಲ, ಸುಳ್ಳೂ ಇಲ್ಲ. ನೀವು ಹೇಳಿದ್ರೆ ಅವನು ಕೇಳ್ತಾನೆ. ಹೇಳಿ.”

ಕೋಣೆಯಲ್ಲಿ ಗುಲ್ಲೆದ್ದಿತು. ಹೆತ್ತ ಅಪ್ಪನನ್ನೇ ಸುಳ್ಳ ಅನ್ನುವ ಮಗನಾ! ಜರ್ಮನಿ ನೀರು ಕುಡಿದರೆ ಹೀಗೇ!

ಧೈಫುಲ್ಲಾ ಕೋಲು ಕುಟ್ಟಿದ. “ಗಲಾಟೆ ಬೇಡ. ತಗಡು ಇಲ್ಲೇ ಇದೆ. ನೀನು ಹೇಳಿದ್ದು ನಿಜವಾದ್ರೆ ಕೈಯಿಡು.”

“ದೊಡ್ಡಪ್ಪ, ನನ್ನ ನರ ಸರಿ ಇದೆ. ನನ್ನ ಕೈ ಸುಡುತ್ತೆ!”

“ಕೇಳಿದ್ರಾ? ಇಡೋಕೆ ಮುಂಚೆನೇ ಒಪ್ಕೊಂಡ!”

ನಗು ಛಾವಣಿಗೆ ಬಡಿಯಿತು. ಶ್ತೇವಿಗೆ ಏನು ತೋಚಿತೋ, ಅಂಗಿಯ ತೋಳು ಮಡಚಿ ಕೂತ. “ಪೂರ್ತಿ ಏರಿಸು ಲೋರಿಸ್. ತಾನಾಗಿ ಆರ್ಕೊಂಡ್ರೆ ಮತ್ತೆ ಹಚ್ಚು, ನಾನು ಹೇಳೋವರೆಗೂ ನಿಲ್ಲಿಸ್ಬೇಡ.”

“ಹುಚ್ಚು ಹಿಡಿದಿದೆಯಾ ಡಾಕ್ಟ್ರೇ?”

“ಏರಿಸು!”

ಕೈಯಿಟ್ಟ. ನಮ್ಮ ಡಾಕ್ಟರಿಗೆ ಸಹನೆ ಮೊದಲೇ ಕಡಿಮೆ. ಸ್ವಲ್ಪ ಹೊತ್ತಿಗೇ ಕಿರುಚಿದ. “ಸುಡುತ್ತೆ! ದೇವರಾಣೆ ಸುಡುತ್ತೆ! ಅಮ್ಮಾ!” ಸುಳ್ಳ ಸುಳ್ಳ ಎಂದು ಜನ ತೊಡೆ ತಟ್ಟಿದರು. ಆದರೆ ಅವನು ಕೈ ತೆಗೆಯಲಿಲ್ಲ. ಎಡಗೈಯಿಂದ ಬಲಗೈಯನ್ನು ತಗಡಿಗೆ ಒತ್ತಿ ಹಿಡಿದುಕೊಂಡು, ಮೂಗು ಸೋರಿಸಿಕೊಂಡು, ಚಿಕ್ಕ ಮಗುವಿನ ಹಾಗೆ ಅಳುತ್ತಾ ಒದರಿದ. “ಸುಡುತ್ತೆ! ಆದ್ರೂ ನಮ್ಮಪ್ಪನ ಕಾಲು ಸಾಯ್ತಿದೆ! ಸುಡುತ್ತೆ! ಆದ್ರೂ ಅದು ನಿಜ! ಅಯ್ಯೋ! ಅದು ನಿಜ!”

ಜನರಿಗೆ ದಿಕ್ಕು ತಪ್ಪಿತು. ಸುಟ್ಟವನು ಸುಳ್ಳ, ಸರಿ. ಸುಟ್ಟರೂ ಕೈ ತೆಗೆಯದವನು ಏನು? ಅಜ್ಜಂದಿರ ಕಾಲದಲ್ಲೂ ಇದಕ್ಕೆ ತೀರ್ಪಿರಲಿಲ್ಲ. ಎಲ್ಲರೂ ಧೈಫುಲ್ಲಾನ ಮುಖ ನೋಡಿದರು, ಧೈಫುಲ್ಲಾ ತನ್ನ ಕೋಲು ನೋಡಿದ.

ಫ್ರೇಹ್ ಕುರ್ಚಿಯಿಂದ ಎದ್ದು ಬಂದು ಮಗನ ಕೈಯನ್ನು ಕಿತ್ತು ಎಳೆದ. ಅಂಗೈ ಕೆಂಪಾಗಿ ಉಬ್ಬಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಬಿಸಿಯೂ ಅವನಿಗೆ ತಿಳಿಯಲಿಲ್ಲ. ಮಗನ ಸುಟ್ಟ ಕೈ ತನ್ನ ಕೈಯೊಳಗಿದ್ದರೂ ತನಗೆ ತಿಳಿಯುತ್ತಿಲ್ಲವಲ್ಲ ಎಂದು ಅವನಿಗೆ ಆಗ ಭಯವಾಯಿತು.

“ಸಾಕು,” ಎಂದ ಜನರ ಕಡೆ ತಿರುಗಿ. “ಹುಡುಗ ಹೇಳಿದ್ದು ನಿಜ. ನಂಗೆ ಏನೂ ಗೊತ್ತಾಗಲ್ಲ. ಅವತ್ತೂ ಗೊತ್ತಾಗ್ಲಿಲ್ಲ.”

ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು. “ಬಿಟ್ಟ ನೋಡ್ರೋ ಬುರುಡೆ! ಮಗನ್ನ ಉಳಿಸ್ಕೊಳ್ಳೋಕೆ!” ಎಲ್ಲರ ಮುಖದಲ್ಲೂ ಹಳೆಯ ನಗು ಮರಳಿತು. ಹೆತ್ತ ಕರುಳು, ಪಾಪ, ಎಂದರು. ಎಂಥ ದೊಡ್ಡ ಮನಸ್ಸು, ಎಂದರು.

“ಬುರುಡೆ ಅಲ್ರೋ!” ಫ್ರೇಹ್‌ನ ದನಿ ಒಡೆಯಿತು. “ದೇವರಾಣೆ ಅಲ್ಲ!”

“ಆಣೆ ಬೇರೆ!” ಎಂದು ಇನ್ನಷ್ಟು ನಕ್ಕರು.

ಫ್ರೇಹ್ ಕೋಣೆಯನ್ನೊಮ್ಮೆ ಸುತ್ತ ನೋಡಿದ. ಮೂಲೆಯಲ್ಲಿದ್ದ ದಾಯಾದಿಯ ಮೇಲೆ ಕಣ್ಣು ನಿಂತಿತು.

“ಮಿತ್ಗಾಲ್. ಬಾವಿ ನಿಮ್ಮಜ್ಜಂದೇ. ನಮ್ಮಜ್ಜ ನಿಮ್ಮಜ್ಜನ ಹತ್ರ ಕೂಲಿಗೆ ಬಂದು ತೋಡಿದ. ನಂಗೆ ಮೊದಲಿಂದ್ಲೂ ಗೊತ್ತಿತ್ತು. ತಗೊಂಡು ಹಾಳಾಗಿ ಹೋಗು.”

ನಗು ಪಟ್ಟನೆ ನಿಂತಿತು. ಬುರುಡೆಗೋಸ್ಕರ ರೈಲು ನಿಲ್ಲಿಸುವವರಿದ್ದಾರೆ, ತೋಳಕ್ಕೆ ಸಲಾಂ ಹೇಳುವವರಿದ್ದಾರೆ. ನಮ್ಮ ಒಣ ನೆಲದಲ್ಲಿ ಬುರುಡೆಗೋಸ್ಕರ ಬಾವಿ ಬಿಟ್ಟುಕೊಡುವವನು ಇನ್ನೂ ಹುಟ್ಟಿಲ್ಲ. ಮೇಲಾಗಿ ಅಜ್ಜ ಕೂಲಿಯಾಳು ಎಂದು ನಾಲ್ಕು ಜನರ ಮುಂದೆ ಯಾರು ಹೇಳಿಕೊಳ್ಳುತ್ತಾರೆ?

ಫ್ರೇಹ್ ಕುರ್ಚಿಯಲ್ಲಿ ಕೂತು ಬೂಟು ಕಳಚಿದ. ಕಾಲುಚೀಲ ಹಿಮ್ಮಡಿಯ ತನಕ ಬಂದು ಅಲ್ಲಿಂದ ಮುಂದೆ ಬರಲಿಲ್ಲ, ಬೆರಳುಗಳಿಗೆ ಅಂಟಿಕೊಂಡಿತ್ತು. ಲೋರಿಸ್ ನೀರು ತಂದು ನೆನೆಸಿ ಮೆಲ್ಲಗೆ ಬಿಡಿಸಿದಳು. ಒಲೆಗೆ ತಾಗಿ ಬೆಂದ ಎರಡು ಬೆರಳುಗಳು ಕಪ್ಪಗಾಗಿದ್ದವು. ಪಾದ ಊದಿಕೊಂಡಿತ್ತು. ವಾಸನೆಗೆ ಮುಂದಿದ್ದವರು ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡರು. ಫ್ರೇಹ್ ತನ್ನದೇ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದ.

“ನೀನೇ ಮುಟ್ಟಿ ಹೇಳಪ್ಪಾ,” ಎಂದ ಮಗನಿಗೆ. “ಬಿಸಿ ಇದೆಯಾ, ತಣ್ಣಗಿದೆಯಾ? ನಂಗೆ ಗೊತ್ತಾಗಲ್ಲ.”

ಶ್ತೇವಿ ನೆಲದ ಮೇಲೆ ಕೂತು, ಸುಡದ ಎಡಗೈಯನ್ನು ಅಪ್ಪನ ಪಾದದ ಮೇಲಿಟ್ಟ. ಜಗತ್ತಿನಲ್ಲಿ ಇದನ್ನು ಹೇಳಲು ಅವನಿಗಿಂತ ಹೆಚ್ಚು ಓದಿದವರು ಹೆಚ್ಚಿಲ್ಲ. ಆದರೂ ಕೈಯನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಎರಡೆರಡು ಸಲ ಸರಿಸಿ ನೋಡಿದ.

“ಬಿಸಿ ಇದೆ ಅಪ್ಪಾ.”

“ಬಿಸಿ ಒಳ್ಳೇದಾ, ಕೆಟ್ಟದ್ದಾ?”

“ಕೆಟ್ಟದ್ದೇ. ಆದ್ರೆ ತಣ್ಣಗಿದ್ದಿದ್ರೆ ಕತೆ ಮುಗಿದಿರ್ತಿತ್ತು. ಬಿಸಿ ಇದೆ ಅಂದ್ರೆ ಇನ್ನೂ ರಕ್ತ ಬರ್ತಿದೆ.”

“ಮತ್ತೆ ಇನ್ನೂ ನಿಂತಿದೀರಲ್ಲೋ ಕತ್ತೆಗಳಾ!” ಎಂದು ಮಿತ್ಗಾಲ್ ಎಲ್ಲರನ್ನೂ ತಳ್ಳಿಕೊಂಡು ಬಂದ. ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟ. “ಹತ್ತು, ಬುರುಡೆ ನನ್ಮಗನೇ. ಗಟ್ಟಿಯಾಗಿ ಹಿಡ್ಕೋ.”

ಕರಕ್ ಆಸ್ಪತ್ರೆಯ ದಾರಿಯುದ್ದಕ್ಕೂ ಪಿಕಪ್‌ನ ಹಿಂಭಾಗದಲ್ಲಿ ಅಪ್ಪನ ಕಾಲು ಮಗನ ಮಡಿಲಲ್ಲಿತ್ತು, ಮಗನ ಕೈ ಅದರ ಮೇಲಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಎತ್ತಿ ಹಾಕುವಾಗಲೆಲ್ಲ ಫ್ರೇಹ್ ಮಗನ ಮುಖ ನೋಡುತ್ತಿದ್ದ.

“ಈಗ?”

“ಬಿಸಿ ಅಪ್ಪಾ.”

“ಈಗ?”

“ಬಿಸಿನೇ.”

ಎರಡು ಬೆರಳನ್ನು ಫ್ರೇಹ್ ಆ ಆಸ್ಪತ್ರೆಯಲ್ಲಿ ಬಿಟ್ಟ. ಕಾಲನ್ನು ಮನೆಗೆ ತಂದ.